ತಾಯಿ ಕಾರ್ಡ್‌ನಲ್ಲೇ ಇದೆ ಪಾರ್ಶ್ವವಾಯುವಿನ ಮುನ್ಸೂಚನೆ

ಲಕ್ವ ಎಂದರೆ ವಯಸ್ಸಾದವರ ಕಾಯಿಲೆ, ಅದರಲ್ಲೂ ಬೀಡಿ, ಕುಡಿತ ಬಿಡದ ಗಂಡಸರಿಗೆ ಬರುವಂಥದ್ದು ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ. ಹೆಣ್ಣುಮಕ್ಕಳ ಪಾಲಿಗೆ ಇದು ದುಬಾರಿ ನಂಬಿಕೆ. 25 ವರ್ಷ ದಾಟಿದ ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಪಾರ್ಶ್ವವಾಯು ಬರುವ ಸಾಧ್ಯತೆ ಇದೆ ಎನ್ನುತ್ತದೆ ಜಾಗತಿಕ ಅಂದಾಜು. ಈ ಲೆಕ್ಕದಲ್ಲಿ ಗಂಡು–ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಅಂತರ ಇರುವುದು ಕಾರಣಗಳಲ್ಲಿ. ಬಸಿರು, ಬಾಣಂತನ, ಹಾರ್ಮೋನ್ ಮಾತ್ರೆ, ಬೇಗ ನಿಲ್ಲುವ ಮುಟ್ಟು ಇವೆಲ್ಲ ಹೆಣ್ಣಿಗೆ ಮಾತ್ರ ಇರುವ ಅಪಾಯಗಳು.

ಹರಿಹರ ತಾಲ್ಲೂಕಿನ ಕೊಂಡಜ್ಜಿಯ ಬಸುರಿಯೊಬ್ಬಳನ್ನು ಊಹಿಸಿಕೊಳ್ಳೋಣ. ವಯಸ್ಸು 22, ಚೊಚ್ಚಲ ಬಸಿರು. ಏಳನೇ ತಿಂಗಳಲ್ಲಿ ಬಿ.ಪಿ. 150/100, ಕಾಲಲ್ಲಿ ಬಾವು, ಮೂತ್ರದಲ್ಲಿ ಪ್ರೋಟೀನ್. ವೈದ್ಯರು ಇದನ್ನು ಪ್ರೀ–ಎಕ್ಲಾಂಪ್ಸಿಯಾ ಎನ್ನುತ್ತಾರೆ. ಆಶಾ ಕಾರ್ಯಕರ್ತೆ ಬೆನ್ನುಬಿದ್ದು ಕರೆದೊಯ್ಯುತ್ತಾರೆ, ತಾಯಿ ಕಾರ್ಡ್‌ನಲ್ಲಿ ಎಲ್ಲವೂ ದಾಖಲಾಗುತ್ತದೆ, ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಹೆರಿಗೆ ಸುಸೂತ್ರವಾಗುತ್ತದೆ. ವ್ಯವಸ್ಥೆ ಇಲ್ಲಿಯವರೆಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಆ ಕಾರ್ಡ್ ಮಗುವಿನ ಲಸಿಕೆಗಷ್ಟೇ ಹೊರಬರುತ್ತದೆ. ತಾಯಿಯ ಬಿ.ಪಿ. ಏನಾಯಿತೆಂದು ಕೇಳುವವರಿಲ್ಲ. ತವರಿನಿಂದ ಗಂಡನ ಮನೆಗೆ ಹೋದಳೆಂದರೆ ಆಶಾ ಬದಲು, ಆರೋಗ್ಯ ಕೇಂದ್ರವೂ ಬದಲು. ಸರ್ಕಾರದ ಅಸಾಂಕ್ರಾಮಿಕ ರೋಗಗಳ ತಪಾಸಣೆ ಶುರುವಾಗುವುದು 30 ವರ್ಷಕ್ಕೆ. ನಡುವಿನ ಎಂಟು ವರ್ಷ ಅವಳು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಈ ಎಂಟು ವರ್ಷಗಳನ್ನು ಕಡೆಗಣಿಸುವಂತಿಲ್ಲ. ಪ್ರೀ–ಎಕ್ಲಾಂಪ್ಸಿಯಾ ಆದ ಮಹಿಳೆಗೆ ಮುಂದೆ ಪಾರ್ಶ್ವವಾಯು ಬರುವ ಅಪಾಯ ಉಳಿದವರಿಗಿಂತ ಸುಮಾರು ಇಮ್ಮಡಿ. ಅಮೆರಿಕದ ಹೃದ್ರೋಗ ಮತ್ತು ಪಾರ್ಶ್ವವಾಯು ತಜ್ಞರ ಸಂಘಗಳು 2014ರಲ್ಲಿ ಮಹಿಳೆಯರಿಗೆಂದೇ ಮೊದಲ ಬಾರಿ ಮಾರ್ಗಸೂಚಿ ಹೊರತಂದಾಗ ಒತ್ತಿ ಹೇಳಿದ್ದೂ ಇದನ್ನೇ: ಬಸಿರಿನ ಬಿ.ಪಿ. ಹೆರಿಗೆಯೊಂದಿಗೆ ಮುಗಿದುಹೋಗುವ ತೊಂದರೆಯಲ್ಲ, ಅದನ್ನು ಆಕೆಯ ಆರೋಗ್ಯ ಚರಿತ್ರೆಯಲ್ಲಿ ಅಪಾಯದ ಅಂಶವಾಗಿ ಬರೆದಿಡಬೇಕು. ಅಪಾಯ ಹೆಚ್ಚಿರುವ ಬಸುರಿಯರಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸುವುದೂ ಈಗ ಒಪ್ಪಿತ ಕ್ರಮ.

ಬಾಣಂತನದ ಕೋಣೆಯ ಕಥೆ ಬೇರೆಯೇ. ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಬಿಗಿದು, ಕೆಂಡದ ಕಾವು ಕೊಟ್ಟು, ‘ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗೂಗೆ ಶೀತ ಆಗುತ್ತೆ’ ಎಂದು ಲೋಟ ಕಸಿಯುವ ಮನೆಗಳು ಈಗಲೂ ಇವೆ. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ನೀರಿಲ್ಲದೆ ದೇಹ ಒಣಗಿದರೆ, ಜೊತೆಗೆ ರಕ್ತಹೀನತೆ, ಸೋಂಕು ಸೇರಿದರೆ ಮಿದುಳಿನ ಅಭಿಧಮನಿಯಲ್ಲೇ ಹೆಪ್ಪು ಕೂರಬಹುದು. ಮದುರೈನ ನರರೋಗ ತಜ್ಞ ಕೆ. ಶ್ರೀನಿವಾಸನ್ 1983ರಲ್ಲಿ ಬಸುರಿ, ಬಾಣಂತಿಯರ ಮಿದುಳಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ 135 ಪ್ರಕರಣಗಳನ್ನು ವರದಿ ಮಾಡಿದ್ದರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರೂ ಈ ಕಾಯಿಲೆಯನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಬಿಡದ ತಲೆನೋವು, ಫಿಟ್ಸ್, ಮಂಕು ಇದರ ಲಕ್ಷಣಗಳು. ಮನೆಯಲ್ಲಿ ಇವನ್ನು ‘ಬಾಣಂತಿ ಸನ್ನಿ’ ಎಂದುಕೊಂಡು ದೇವರು, ದಿಂಡರೆಂದು ಅಲೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನರರೋಗ ತಜ್ಞರ ಬಳಿ ಸಕಾಲಕ್ಕೆ ತಲುಪಿದರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ಪಶ್ಚಿಮದ ಎಚ್ಚರಿಕೆಗಳನ್ನು ಹಾಗೆಯೇ ಎರವಲು ತಂದರೆ ಗುರಿ ತಪ್ಪುವುದೂ ಉಂಟು. ಅಲ್ಲಿ ಗರ್ಭನಿರೋಧಕ ಗುಳಿಗೆಯದೇ ದೊಡ್ಡ ಚರ್ಚೆ. ಕರ್ನಾಟಕದಲ್ಲಿ ವಿವಾಹಿತ ಮಹಿಳೆಯರ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿಕೊಂಡಿದ್ದಾರೆ. ಇಲ್ಲಿ ಗಮನಿಸಬೇಕಾದದ್ದು ಮುಟ್ಟು ಮುಂದೂಡುವ ಮಾತ್ರೆ. ದುಗ್ಗಮ್ಮನ ಜಾತ್ರೆ, ಗೃಹಪ್ರವೇಶ, ಮದುವೆ ಎಂದು ಔಷಧಿ ಅಂಗಡಿಯಿಂದ ಚೀಟಿ ಇಲ್ಲದೆ ತಂದು ನುಂಗುವ ಹಾರ್ಮೋನ್ ಅದು. ಕಣ್ಣಿಗೆ ಮಿಂಚು ಬಡಿದಂತಾಗಿ ಬರುವ ಅರೆತಲೆನೋವು, ಬಿ.ಪಿ. ಅಥವಾ ಹಿಂದೆ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಲೇಬಾರದು.

ಉಳಿದಂತೆ ಮೂಲ ಶತ್ರು ಬಿ.ಪಿ.ಯೇ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಸಹ ಪಾಲ್ಗೊಂಡಿದ್ದ ಇಂಟರ್‌ಸ್ಟ್ರೋಕ್ ಅಧ್ಯಯನದ ಪ್ರಕಾರ, ಪಾರ್ಶ್ವವಾಯುವಿನ ಸುಮಾರು ಶೇ 90ರಷ್ಟು ಅಪಾಯಕ್ಕೆ ಕಾರಣ ನಾವು ಬದಲಿಸಬಹುದಾದ ಹತ್ತು ಅಂಶಗಳು. ಅವುಗಳಲ್ಲಿ ಬಿ.ಪಿ.ಯದೇ ಸಿಂಹಪಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15 ವರ್ಷ ಮೀರಿದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ ಬಿ.ಪಿ. ಹೆಚ್ಚಿದೆ ಅಥವಾ ಅದಕ್ಕೆ ಮಾತ್ರೆ ನಡೆಯುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಂಡಕ್ಕಿ–ಮೆಣಸಿನಕಾಯಿ ಸೇರಿದರೆ ಆ ಮಿತಿ ದಾಟಲು ಹೊತ್ತು ಬೇಕಿಲ್ಲ. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಒಲೆ ಮತ್ತು ಮಂಡಕ್ಕಿ ಭಟ್ಟಿಯ ಹೊಗೆ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆಗಬೇಕಾದ್ದು ದೊಡ್ಡ ಯೋಜನೆಯಲ್ಲ. ಬಸಿರಿನಲ್ಲಿ ಬಿ.ಪಿ. ಅಥವಾ ಸಕ್ಕರೆ ಕಾಯಿಲೆ ಕಂಡವರ ಹೆಸರು 30ನೇ ವರ್ಷಕ್ಕೆ ಕಾಯದೆ, ಆರು ವಾರದ ಭೇಟಿಯಲ್ಲೇ ತಪಾಸಣೆಯ ಪಟ್ಟಿಗೆ ಸೇರಬೇಕು. ವರ್ಷಕ್ಕೊಮ್ಮೆ ಬಿ.ಪಿ. ನೋಡಬೇಕು. ವಿಳಾಸ ಬದಲಾದರೂ ದಾಖಲೆ ಅವಳ ಬೆನ್ನಿಗಿರಬೇಕು. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯ ಮನೆ ಭೇಟಿಗಳಲ್ಲಿ ‘ಬಸಿರಿನಲ್ಲಿ ಬಿ.ಪಿ. ಇತ್ತೇ?’ ಎಂಬ ಒಂದು ಪ್ರಶ್ನೆ ಸೇರಿಸಲು ಹಣವೇನೂ ಬೇಡ.

ಇಷ್ಟಾದರೂ ಪಾರ್ಶ್ವವಾಯು ಬಂದೆರಗಿದರೆ? ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡುವ ‘ಹೃದಯಜ್ಯೋತಿ’ ಯೋಜನೆ ರಾಜ್ಯದಲ್ಲಿದೆ. ಮಿದುಳಿನ ಹೆಪ್ಪನ್ನೂ ಅದೇ ಮದ್ದು ಕರಗಿಸುತ್ತದೆ. ಆದರೆ ಅದು ಹೆಪ್ಪೋ ರಕ್ತಸ್ರಾವವೋ ಎಂದು ಸಿ.ಟಿ. ಸ್ಕ್ಯಾನ್ ನೋಡದೆ ಕೊಡುವಂತಿಲ್ಲ, ಕೊಡಬೇಕಾದದ್ದು ನಾಲ್ಕೂವರೆ ಗಂಟೆಯೊಳಗೆ. ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದವಳನ್ನು ‘ಪಿತ್ತ, ಸುಸ್ತು’ ಎಂದು ಮಲಗಿಸಿದರೆ, ನಾಟಿ ಔಷಧಿಗೆ ಒಯ್ದರೆ ಆ ಗಂಟೆಗಳು ಸೋರಿಹೋಗುತ್ತವೆ. ಕೊಂಡಜ್ಜಿಯ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರಕ್ಕೆ ನಾನಾ ಕಡೆಯ ಮಕ್ಕಳು ಬರುತ್ತಾರೆ. ಪ್ರಥಮ ಚಿಕಿತ್ಸೆಯ ಪಾಠದಲ್ಲಿ ಮುರಿದ ಮೂಳೆಗೆ ಪಟ್ಟಿ ಕಟ್ಟುವುದರ ಜೊತೆ ಈ ಮೂರು ಲಕ್ಷಣಗಳನ್ನೂ 108ಕ್ಕೆ ಕರೆ ಮಾಡುವುದನ್ನೂ ಕಲಿಸಿದರೆ, ಅಮ್ಮ, ಅಜ್ಜಿಗೆ ಹೀಗಾದಾಗ ಮೊದಲು ಗುರುತಿಸುವವರು ಆ ಮಕ್ಕಳೇ ಆಗಬಹುದು.