ಸೊರಬ, ಶಿಕಾರಿಪುರದ ಭೂಮಿ ಬಾಳುವೆಗೋ, ಬಂಡವಾಳಕ್ಕೋ?

ಭೂಮಿಗೆ ಎರಡು ಬಗೆಯ ಬೆಲೆಗಳಿವೆ. ಮೊದಲನೆಯದು, ಅದರಲ್ಲಿ ಬೆಳೆಯುವ ಭತ್ತ, ಅಡಿಕೆ, ಶುಂಠಿ, ಮೆಕ್ಕೆಜೋಳದ ಆದಾಯದಿಂದ ಹುಟ್ಟುವ ಬೆಲೆ. ಎರಡನೆಯದು, ನಾಳೆ ಇನ್ನೊಬ್ಬ ಇದಕ್ಕಿಂತ ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾನೆಂಬ ನಂಬಿಕೆಯಿಂದ ಹುಟ್ಟುವ ಬೆಲೆ. ಮೊದಲನೆಯ ಬೆಲೆಯನ್ನು ತೆರಬಲ್ಲವನು ಉಳುವವನು. ಎರಡನೆಯದನ್ನು ತೆರಬಲ್ಲವನು ನಗರದ ಉಳಿತಾಯಗಾರ. ಈ ಎರಡು ಬೆಲೆಗಳ ನಡುವಿನ ಅಂತರ ಹಿಗ್ಗಿದಾಗ ಊರಿನ ಭೂಮಿ ಊರಿನವರ ಕೈಗೆ ನಿಲುಕದ ಸರಕಾಗುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಗಿರಿಪ್ರದೇಶಗಳು ಈ ಹಾದಿಯಲ್ಲಿ ಬಹಳ ದೂರ ನಡೆದಿವೆ. ಸೊರಬ ಮತ್ತು ಶಿಕಾರಿಪುರ ತಾಲೂಕುಗಳು ಇನ್ನೂ ಅಷ್ಟು ದೂರ ಹೋಗಿಲ್ಲ. ಯೋಚಿಸಲು ಕಾಲಾವಕಾಶವಿರುವುದು ಆ ಕಾರಣದಿಂದಲೇ.

ಈ ಸೀಮೆಗೆ ಭೂಮಿಯ ಪ್ರಶ್ನೆ ಹೊಸದಲ್ಲ. ನೆರೆಯ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನಡೆಸಿದ ಸತ್ಯಾಗ್ರಹವು ಕರ್ನಾಟಕದ ಭೂ ಹೋರಾಟಗಳಿಗೆ ಮೊದಲ ಮೆಟ್ಟಿಲಾಯಿತು. ಎಚ್. ಗಣಪತಿಯಪ್ಪನವರ ಮುಂದಾಳ್ತನದ ಆ ಹೋರಾಟಕ್ಕೆ ಶಾಂತವೇರಿ ಗೋಪಾಲಗೌಡರು ಬೆನ್ನೆಲುಬಾದರು; ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಆಡಳಿತದಲ್ಲಿ 1974ರ ತಿದ್ದುಪಡಿಯೊಡನೆ ಭೂಸುಧಾರಣೆ ಕಾಯಿದೆಗೆ ನಿಜವಾದ ಶಕ್ತಿ ಬಂದಾಗ, ಉಳುವವನು ಒಡೆಯನಾದ. ಆ ಕಾಯಿದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು, ಹಾಗೂ ಕೃಷಿಯೇತರ ಮೂಲದಿಂದ ಹೆಚ್ಚು ಆದಾಯವುಳ್ಳವರು ಸಾಗುವಳಿ ಭೂಮಿ ಕೊಳ್ಳದಂತೆ ತಡೆದಿದ್ದವು. ಆದಾಯದ ಮಿತಿಯನ್ನು 2015ರಲ್ಲಿ 2 ಲಕ್ಷ ರೂಪಾಯಿಯಿಂದ 25 ಲಕ್ಷಕ್ಕೆ ಏರಿಸಲಾಯಿತು. 2020ರಲ್ಲಿ ಈ ಕಲಂಗಳನ್ನೇ ತೆಗೆದುಹಾಕಲಾಯಿತು. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಶಿಕಾರಿಪುರ ಕ್ಷೇತ್ರದ ಶಾಸಕರೇ ಆದ ಬಿ.ಎಸ್. ಯಡಿಯೂರಪ್ಪನವರು. ಗೇಣಿಯ ಒಡೆತನವನ್ನು ಮುರಿದ ನೆಲದಲ್ಲಿ, ದೂರದ ಒಡೆತನಕ್ಕೆ ಬಾಗಿಲು ತೆರೆಯಿತು.

ಬಾಗಿಲು ತೆರೆದ ಮೇಲೆ ದಾರಿಗಳೂ ಬಂದವು. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಅದೇ ದಿನ ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲುಮಾರ್ಗಕ್ಕೆ ಶಂಕುಸ್ಥಾಪನೆಯಾಯಿತು. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ ತಲುಪಲು ಈ ಸೀಮೆಯ ಜನರಿಗೂ ದಾರಿ ಬೇಕು. ಅದನ್ನು ವಿರೋಧಿಸುವುದು ಸಲ್ಲದು. ಆದರೆ ಒಳ್ಳೆಯ ದಾರಿ ಬಂದಲ್ಲಿ ಭೂಮಿಯ ಎರಡನೆಯ ಬೆಲೆಯೂ ಏರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಮಾರುವ ರೈತನನ್ನು ದೂಷಿಸುವುದು ಸುಲಭ, ಅದು ನ್ಯಾಯವಲ್ಲ. ಅಡಿಕೆಗೆ ಕೊಳೆ ರೋಗದ ಜೊತೆಗೆ ಎಲೆಚುಕ್ಕಿ ರೋಗವೂ ಅಂಟಿದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮನೆಯ ಒಬ್ಬರಿಗೆ ದೊಡ್ಡ ಕಾಯಿಲೆ ಬಂದರೆ ಎರಡು ಎಕರೆಯ ಗದ್ದೆ ಅದರ ಖರ್ಚನ್ನು ತಾಳಲಾರದು. ಅಂಥವನಿಗೆ ಒಳ್ಳೆಯ ಬೆಲೆ ಬರುವುದನ್ನು ತಡೆಯಲು ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆ ತೂಕವುಳ್ಳದ್ದು. ಉತ್ತರವನ್ನು ಪಕ್ಕದ ಗದ್ದೆಯಲ್ಲಿ ಹುಡುಕಬೇಕು. ಮಾರಿದವನಿಗೆ ಬೆಲೆ ಒಮ್ಮೆ ಸಿಗುತ್ತದೆ. ಉಳಿದವನಿಗೆ ಅದರ ಪರಿಣಾಮ ಪ್ರತಿ ವರ್ಷ ಸಿಗುತ್ತದೆ: ದನ ಹೋಗುವ ದಾರಿಗೆ ತಂತಿಬೇಲಿ, ಕೆರೆಯ ಕಾಲುವೆಗೆ ಅಡ್ಡಗೋಡೆ, ಮೇಲಿನ ಜಮೀನಿನ ಆಳದ ಕೊಳವೆಬಾವಿ. ಅವನ ಮಗ ಇನ್ನೊಂದು ಎಕರೆ ಕೊಳ್ಳಬೇಕೆಂದರೆ ಬೆಳೆಯ ಆದಾಯದಲ್ಲಿ ಅದು ಎಂದೂ ಸಾಧ್ಯವಾಗದು.

ಇದು ಮಲೆನಾಡಿನ ಕಲ್ಪಿತ ಭಯವಲ್ಲವೆಂಬುದಕ್ಕೆ ಆಲ್ಪ್ಸ್ ಪರ್ವತದ ಊರುಗಳು ಸಾಕ್ಷಿ. ಸ್ವಿಟ್ಜರ್ಲೆಂಡಿನ ಹಿಮಪರ್ವತಗಳ ಪ್ರವಾಸಿ ಊರುಗಳಲ್ಲಿ ಮನೆ ಕೊಳ್ಳುವುದು ಜಗತ್ತಿನ ಶ್ರೀಮಂತರಿಗೆ ದೀರ್ಘಕಾಲದಿಂದ ಭದ್ರವಾದ ಹೂಡಿಕೆ. ವರ್ಷದಲ್ಲಿ ಕೆಲವೇ ವಾರ ಬಳಕೆಯಾಗಿ ಉಳಿದ ಕಾಲವೆಲ್ಲ ಮುಚ್ಚಿರುವ ಆ ಮನೆಗಳನ್ನು ಅಲ್ಲಿಯ ಜನ ‘ತಣ್ಣನೆಯ ಹಾಸಿಗೆ’ಗಳೆಂದು ಕರೆಯುತ್ತಾರೆ. ರಸ್ತೆ, ನೀರು, ಚರಂಡಿಗಳನ್ನು ಮಾತ್ರ ರಜೆಯ ದಿನಗಳ ಜನಸಂದಣಿಗೆ ತಕ್ಕಂತೆ ಕಟ್ಟಬೇಕಾಯಿತು. ವಿದೇಶಿಯರ ಖರೀದಿಯನ್ನು ಆ ದೇಶ 1983ರ ಕಾಯಿದೆಯಿಂದ ನಿರ್ಬಂಧಿಸಿತು, ಅದು ಸಾಲದಾಯಿತು. 2012ರ ಮಾರ್ಚ್ 11ರಂದು ನಡೆದ ಜನಮತಗಣನೆಯಲ್ಲಿ, ಎರಡನೆಯ ಮನೆಗಳು ಶೇಕಡಾ 20ನ್ನು ಮೀರಿದ ಊರುಗಳಲ್ಲಿ ಅಂಥ ಹೊಸ ಮನೆ ಕಟ್ಟಬಾರದೆಂಬ ಪ್ರಸ್ತಾವಕ್ಕೆ ಶೇಕಡಾ 50.6ರಷ್ಟು ಮತದಾರರು ಒಪ್ಪಿಗೆ ನೀಡಿದರು. ಆದರೆ ಅಷ್ಟರಲ್ಲಿ ಅನೇಕ ಊರುಗಳು ಆ ಮಿತಿಯನ್ನು ದಾಟಿಯಾಗಿತ್ತು. ಹಳೆಯ ಮನೆಗಳಿಗೆ ನಿರ್ಬಂಧವಿಲ್ಲದ್ದರಿಂದ, ಊರಿನವರ ಹಳೆಯ ಮನೆಗಳೇ ರಜೆಯ ಮನೆಗಳಾಗತೊಡಗಿದವು. ಅಲ್ಲೇ ಹುಟ್ಟಿದ ಯುವಕರು ಬಾಡಿಗೆ ತೆರಲಾರದೆ ಕಣಿವೆಯಾಚೆ ಹೋಗಬೇಕಾದ ಸ್ಥಿತಿ ಇನ್ನೂ ತಪ್ಪಿಲ್ಲ. ತಡವಾಗಿ ಬಂದ ಕಾನೂನು ಅರ್ಧ ಫಲವನ್ನಷ್ಟೇ ಕೊಟ್ಟಿತು.

ಸೊರಬ, ಶಿಕಾರಿಪುರಗಳಲ್ಲಿ ಹಿಮವಿಲ್ಲ, ಆಗುಂಬೆಯಂಥ ಕಡಿದಾದ ಘಟ್ಟವೂ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಕುಸಿದಂತೆ ಇಲ್ಲಿ ಗುಡ್ಡಗಳು ಕುಸಿಯಲಾರವು. ಹಾಗೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಇಲ್ಲಿಯ ಅಪಾಯ ಸದ್ದಿಲ್ಲದ್ದು. ಈ ಸೀಮೆ ನಿಂತಿರುವುದು ಕಾನು, ಕೆರೆ ಮತ್ತು ಗದ್ದೆಗಳ ಸರಪಳಿಯ ಮೇಲೆ. ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಅಧಿಕಾರಿಗಳು 1868ರಲ್ಲಿ ಸೊರಬ ತಾಲೂಕಿನ ಕಾನುಗಳ ಕುರಿತು ವರದಿ ಬರೆದಾಗ ಅಲ್ಲಿ 171 ಕಾನುಗಳಿದ್ದವು. ದೇವರ ಹೆಸರಿನಲ್ಲಿ ಉಳಿಸಿಕೊಂಡ ಆ ನಿತ್ಯಹರಿದ್ವರ್ಣದ ತೋಪುಗಳು ಮೆಣಸನ್ನೂ ಜೇನನ್ನೂ ಕೊಟ್ಟವು. ಮಳೆಯ ನೀರನ್ನು ಹಿಡಿದು ಕೆಳಗಿನ ಕೆರೆಗೂ ಗದ್ದೆಗೂ ನಿಧಾನವಾಗಿ ಬಿಟ್ಟವು. ಕಾನಿನ ಅಂಚು ಒತ್ತುವರಿಯಾದದ್ದರಲ್ಲಿ ಊರಿನವರ ಪಾಲೂ ಇದೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಊರಿನವನಿಗೆ ಆ ನೀರಿನ ಹಂಗಿದೆ. ವಾರಾಂತ್ಯಕ್ಕೆ ಬರುವ ಒಡೆಯನಿಗೆ ಕಾನು ಕಿಟಕಿಯ ಆಚೆಯ ನೋಟ ಮಾತ್ರ. ಅದು ಒಣಗಿದರೆ ಅವನು ಬೇರೆಡೆ ಹೂಡಿಕೆ ಮಾಡುತ್ತಾನೆ.

ಪ್ರವಾಸೋದ್ಯಮ ಬಂದರೆ ಉದ್ಯೋಗ ಬರುತ್ತದೆಂಬ ವಾದವನ್ನೂ ಪರಿಶೀಲಿಸಬೇಕು. ಗುಡವಿಯ ಪಕ್ಷಿಧಾಮ, ಚಂದ್ರಗುತ್ತಿ, ಬಳ್ಳಿಗಾವಿ, ತಾಳಗುಂದ, ಅಕ್ಕಮಹಾದೇವಿಯ ಉಡುತಡಿ, ಗಡಿಯಾಚೆಯ ಬನವಾಸಿ ಇವೆಲ್ಲ ನೋಡತಕ್ಕ ಸ್ಥಳಗಳೇ. ಬಂದವರಿಗೆ ತನ್ನ ಮನೆಯಲ್ಲಿ ಎರಡು ಕೋಣೆ ಬಿಟ್ಟುಕೊಟ್ಟು ಊಟ ಹಾಕುವ ರೈತ ಕುಟುಂಬಕ್ಕೆ ಅದರಿಂದ ಆದಾಯವಿದೆ. ಅದು ಊರಿನಲ್ಲೇ ಉಳಿಯುವ ಹಣ. ಬೀಗ ಹಾಕಿದ ಬಂಗಲೆ ಕೊಡುವುದು ಒಬ್ಬ ಕಾವಲುಗಾರನ ಕೆಲಸ. ಗುಡವಿಯ ಕೆರೆಯಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಸುತ್ತಲಿನ ಗದ್ದೆ, ಕೆರೆಗಳಲ್ಲಿ ಆಹಾರ ಬೇಕು. ಗದ್ದೆಗಳು ನಿವೇಶನಗಳಾದರೆ ಪ್ರವಾಸಿ ನೋಡಲು ಬಂದದ್ದೇ ಇಲ್ಲವಾಗುತ್ತದೆ.

ಬೇರೆ ರಾಜ್ಯಗಳು ಕೈಕಟ್ಟಿ ಕುಳಿತಿಲ್ಲ. ಹಿಮಾಚಲ ಪ್ರದೇಶದ 1972ರ ಕಾಯಿದೆಯ 118ನೇ ಕಲಂ, ಕೃಷಿಕರಲ್ಲದವರು ಸರ್ಕಾರದ ಅನುಮತಿಯಿಲ್ಲದೆ ಭೂಮಿ ಕೊಳ್ಳುವುದನ್ನು ತಡೆಯುತ್ತದೆ. ನಿರ್ಬಂಧ ಸಡಿಲಿಸಿ ನೋಡಿದ ಉತ್ತರಾಖಂಡ 2025ರಲ್ಲಿ ಮನಸ್ಸು ಬದಲಿಸಿ, 13 ಜಿಲ್ಲೆಗಳ ಪೈಕಿ 11ರಲ್ಲಿ ಹೊರಗಿನವರು ಕೃಷಿ ಮತ್ತು ತೋಟಗಾರಿಕೆ ಭೂಮಿ ಕೊಳ್ಳದಂತೆ ಕಾನೂನು ಬಿಗಿಗೊಳಿಸಿತು. ಮಲೆನಾಡಿನ ತಾಲೂಕುಗಳಿಗಾದರೂ 79ಬಿ ಕಲಮಿನ ರಕ್ಷಣೆಯನ್ನು ಮರಳಿಸಬೇಕೆಂಬ ಬೇಡಿಕೆ ಹಾಗಾಗಿ ವಿಚಿತ್ರವಾದುದಲ್ಲ.

ವಿಧಾನಸೌಧ ಕದಲುವವರೆಗೆ ಊರುಗಳು ಕಾಯಬೇಕಾಗಿಯೂ ಇಲ್ಲ. ಜಮೀನು ಕೊಂಡ ಮಾತ್ರಕ್ಕೆ ಮನೆಗಳ ಸಾಲು ಕಟ್ಟುವಂತಿಲ್ಲ. 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು, ಕಟ್ಟಡಕ್ಕೆ ಗ್ರಾಮ ಪಂಚಾಯತಿಯ ಪರವಾನಗಿ ಬೇಕು. ಗ್ರಾಮಸಭೆಯಲ್ಲಿ ಹತ್ತು ಜನ ಎದ್ದುನಿಂತು ಆ ಕಡತಗಳನ್ನು ಓದಿಸಿದರೆ ಎಷ್ಟೋ ಅಕ್ರಮ ಅಲ್ಲೇ ನಿಲ್ಲುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಡಿ ಪ್ರತಿ ಪಂಚಾಯತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದರ ದಾಖಲಾತಿಯಲ್ಲಿ ಊರಿನ ಕಾನು, ಕೆರೆ, ಕಾಲುವೆಗಳ ಹೆಸರು ಸರ್ವೆ ನಂಬರಿನೊಡನೆ ಬರೆದಿರಬೇಕು. 2006ರ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕಿಗೆ ಅರ್ಜಿ ಹಾಕಲು ಅವಕಾಶವಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸಿದ 1978ರ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ, ಭೂಮಿ ಮರಳಿ ಕೇಳಲು ಇದ್ದ ಕಾಲಮಿತಿಯ ಅಡ್ಡಿ ನಿವಾರಣೆಯಾಗಿದೆ. ಕಾನೂನು ಓದಬಲ್ಲ ವಿದ್ಯಾರ್ಥಿಗಳು ಈ ಕೆಲಸಕ್ಕೆ ಊರಿಗೆ ಬೇಕು.

ಮಾರಲೇಬೇಕಾದ ರೈತನಿಗೆ ಊರೂ ಒಂದು ದಾರಿ ತೋರಿಸಬೇಕು. ಪರ ಊರಿನ ದಲ್ಲಾಳಿಗೆ ಹೇಳುವ ಮೊದಲು ಪಕ್ಕದವನಿಗೆ ಹೇಳುವ ವಾಡಿಕೆ ಬೆಳೆಯಬೇಕು. ಸಹಕಾರ ಸಂಘಗಳು ಅಂಥ ಖರೀದಿಗೂ, ಕಷ್ಟದಲ್ಲಿರುವವನ ಸಾಲಕ್ಕೂ ನೆರವಾಗಬೇಕು. ಗೇಣಿಯ ಕಾಲದಲ್ಲಿ ಒಡೆಯನ ಮನೆಯಾದರೂ ಕಣ್ಣಳತೆಯಲ್ಲಿತ್ತು. ಅಂಗಳಕ್ಕೆ ಹೋಗಿ ನ್ಯಾಯ ಕೇಳಬಹುದಿತ್ತು. ದೂರದ ನಗರದ ಒಡೆಯನಿಗೆ ಅಂಗಳವೇ ಇಲ್ಲ. ಕಾಗೋಡಿನವರು ಪಡೆದುಕೊಂಡ ನೆಲವನ್ನು ಮುಂದಿನ ತಲೆಮಾರು ಮಾರುಕಟ್ಟೆಯ ದರಪಟ್ಟಿ ನೋಡಿ ಬಿಟ್ಟುಕೊಡುವುದೇ ಎಂಬುದು ಮುಂದಿನ ಗ್ರಾಮಸಭೆಗಳಲ್ಲಿ ತೀರ್ಮಾನವಾಗಬೇಕಾದ ವಿಷಯ.