ಗ್ರೀನ್ ರೂಫ್ ಅಂತೆ... ನಮ್ಮ ಮಾಳಿಗೆ ಏನಾಗಿತ್ತು?

ಬೆಂಗಳೂರಿನ ಆರ್ಕಿಟೆಕ್ಟುಗಳ ಹೊಸ ಮಂತ್ರ ‘ಗ್ರೀನ್ ರೂಫ್’. ಆರ್‌ಸಿಸಿ ತಾರಸಿ ಮೇಲೆ ನೀರು ತಡೆಯೋ ಪದರ, ಬೇರು ತಡೆಯೋ ಪದರ, ನೀರು ಬಸಿಯೋ ಪದರ, ಮೇಲೆ ಮಣ್ಣು, ಹುಲ್ಲು. ಫಾರಿನ್ ವಿದ್ಯೆಯಂತೆ!

ಸ್ವಾಮೀ, ಬಾದಾಮಿ, ಹುನಗುಂದ, ಇಳಕಲ್ಲಿನ ಹಳೇ ಓಣಿಗಳಲ್ಲಿ ಒಮ್ಮೆ ಮಾಳಿಗೆ ಹತ್ತಿ ನೋಡಿ. ತೊಲೆ, ಜಂತಿ, ಕಟ್ಟಿಗೆ, ಸೊಪ್ಪು, ದಪ್ಪಗೆ ಮಣ್ಣು, ನೀರು ಇಳೀದಂತೆ ಮೇಲೆ ಸವಳು ಮಣ್ಣು. ಮಳೆ ಬಿದ್ರೆ ತಾನಾಗೇ ಹುಲ್ಲು. ಹೊರಗೆ 40 ಡಿಗ್ರಿ ಬಿಸಿಲಿದ್ರೂ ಒಳಗೆ ತಂಪು.

ಮಾಳಿಗೆ ಸೋರತ್ತೆ, ಒಪ್ಪಿದೆ. ಶಿಶುನಾಳ ಶರೀಫರು ಅದನ್ನ ಹಾಡಾಗಿಸಿದ್ದು ಸುಮ್ನೆ ಅಲ್ಲ :-) ಆದ್ರೆ ಸೋರೋದಕ್ಕೆ ಮದ್ದು ಆ ಹೊಸ ಪದರಗಳು, ಮಣ್ಣನ್ನೇ ಕಿತ್ತೆಸೆದು ಬೋಳು ಕಾಂಕ್ರೀಟಿನಡಿ ಬೇಯೋದಲ್ಲ.

ಹಾಗಂತ ಬೆಂಗಳೂರಿನ ಲಾನ್ ಇಲ್ಲಿಗೆ ತರಬೇಡಿ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳೋ ಊರಲ್ಲಿ ದಿನಾ ನೀರು ಕೇಳೋ ತಾರಸಿ ಹಸಿರಲ್ಲ, ಹುಚ್ಚು. 10 ಸೆಂ.ಮೀ. ಮಣ್ಣು, ಊರ ಹುಲ್ಲು ಸಾಕು. ಬೇಸಿಗೆಯಲ್ಲಿ ಒಣಗಲಿ ಬಿಡಿ, ಬಿಸಿಲು ತಡೆಯೋದು ಮಣ್ಣು. ನೆನೆದರೆ ಚದರ ಮೀಟರಿಗೆ ಒಂದೂವರೆ ಕ್ವಿಂಟಲ್ ಮೀರತ್ತೆ. ಸ್ಲ್ಯಾಬ್ ಹಾಕೋ ಮುಂಚೆಯೇ ಇಂಜಿನಿಯರಿಗೆ ಹೇಳಿ.

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಮುಳುಗಿ ನವನಗರ ಎದ್ದಾಗ ಈ ಅವಕಾಶ ಕೈಬಿಟ್ಟೆವು. ಅಣೆಕಟ್ಟು 519.60ರಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಊರು ಹೊಸದಾಗಿ ಕಟ್ಟಬೇಕು. ಆಗಲೂ ಬೋಳು ತಾರಸಿಯೇನಾ? ನೀವೇನಂತೀರಿ?