ದಾಳಿಂಬೆಯ ಬೀಜ

ಹಲ್ಲಿನ ಸಾಲನ್ನು ನಮ್ಮ ಹಿಂದಿನ ಕವಿಗಳು ಮೊಲ್ಲೆಯ ಮೊಗ್ಗಿಗೆ ಹೋಲಿಸಿದಂತೆ ದಾಳಿಂಬೆಯ ಬೀಜಕ್ಕೂ ಹೋಲಿಸಿದರು. ಅವರು ಮೆಚ್ಚಿದ್ದು ಬರಿಯ ಬಿಳುಪನ್ನಲ್ಲ, ಹೊಳಪನ್ನೂ ಜೋಡಣೆಯನ್ನೂ. ಇಂದು ದಂತವೈದ್ಯರಲ್ಲಿಗೆ ಹೋಗಿ ಲೇಸರ್ ಕಿರಣದಿಂದ ಹಲ್ಲನ್ನು ಬೆಳ್ಳಗೆ ಮಾಡಿಸಿಕೊಳ್ಳುವ ಹಂಬಲ ಬೆಳೆದಿದೆ. 1960ರಲ್ಲಿ ಮೈಮನ್ ಮಾಣಿಕ್ಯದ ಹರಳಿನಿಂದ ಹೊಮ್ಮಿಸಿದ ಬೆಳಕಿನ ಸಂತತಿ ಈ ಕಿರಣ. ಆದರೆ ಕಲೆಯನ್ನು ಕಳೆಯುವುದು ಹಲ್ಲಿಗೆ ಬಳಿದ ಹೈಡ್ರೊಜನ್ ಪೆರಾಕ್ಸೈಡಿನ ಲೇಪ. ಕಿರಣವು ಅದನ್ನು ಚುರುಕುಗೊಳಿಸುವ ಸಹಾಯಕ ಮಾತ್ರ. ಕಿರಣವಿಲ್ಲದ ಲೇಪವೂ ಕಡೆಗೆ ಹೆಚ್ಚುಕಡಿಮೆ ಅಷ್ಟೇ ಬಿಳುಪನ್ನು ಕೊಡುತ್ತದೆ. ಮೇಲಾಗಿ, ವಯಸ್ಸಾದಂತೆ ಎನಾಮೆಲ್ ಸವೆದು ಒಳಗಿನ ಹಳದಿ ಪದರ ಕಾಣುವುದು ಸಹಜಧರ್ಮ, ರೋಗವಲ್ಲ. ಹುಳುಕಿಗೆ ಮದ್ದು ಮಾಡಿಸದೆ ಬಿಳುಪಿಗೆ ಹಣ ತೆರುವುದು ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ. ಅಗಿಯಬಲ್ಲ ಹಲ್ಲು ತುಸು ಹಳದಿಯಾದರೂ ಚೆಲುವೇ.